ಬೆಟ್ಟಕ್ಕೆ ಹೊರಟವನ ಚೀಲ

ಓಬಜ್ಜ ಬೇಟೆ ಕಲಿಸುವ ಗುರು. ಬಿಲ್ಲುವಿದ್ಯೆ ಬೇಕು ಎಂದು ಬಂದವರ ಕೈಗೆ ಮೊದಲ ವರ್ಷ ಕೊಡಲಿ ಕೊಟ್ಟು ಸೌದೆ ಒಡೆಸುತ್ತಿದ್ದ. ಹೀಗಾಗಿ ಅವನ ಹತ್ತಿರ ಶಿಷ್ಯರು ನಿಲ್ಲುತ್ತಿರಲಿಲ್ಲ, ಸೌದೆಗೆ ಮಾತ್ರ ಬರವಿರಲಿಲ್ಲ.

ನಿಂತವನು ಗಾದ್ರಿ ಒಬ್ಬನೇ. ಆರು ವರ್ಷ ನಿಂತ.

ಮಾಗಿ ಮುಗಿಯುತ್ತ ಬಂದಿತ್ತು. ಮಾಗಿ ಕಳೆದರೆ ಹಟ್ಟಿಯವರು ಮಳೆಗಾಲದವರೆಗೆ ಬಿಲ್ಲು ಮುಟ್ಟುತ್ತಿರಲಿಲ್ಲ. ಅದಕ್ಕೆ ಮೊದಲು ಕೊನೆಯದೊಂದು ಕಡವೆ ಬೇಟೆ. ಹೊಂಡದ ನೀರು ಕಲ್ಲಾಗುವ ಚಳಿಯಲ್ಲಿ ಒಬ್ಬನೇ ಬೆಟ್ಟ ಹತ್ತಬೇಕು. ಕಡವೆ ತಂದವನನ್ನು ಹಟ್ಟಿ ಬೇಟೆಗಾರ ಎಂದು ಒಪ್ಪುತ್ತಿತ್ತು.

ಈ ಸಲದ ಸರದಿ ಗಾದ್ರಿಯದು.

ಅವನ ಅಪ್ಪನೂ ಹೀಗೇ ಒಂದು ಮಾಗಿಯಲ್ಲಿ ಹೋಗಿದ್ದ. ಜೀವಂತ ಬರಲಿಲ್ಲ. ಆಗ ಗಾದ್ರಿ ತೊಟ್ಟಿಲ ಕೂಸು.

ಹೊರಡುವುದಕ್ಕೆ ಆರು ದಿನ ಮುಂಚೆ ಗಾದ್ರಿ ಚೀಲ ತುಂಬಿದ. ಎರಡು ಕಂಬಳಿ, ಎರಡು ಜೊತೆ ಎಕ್ಕಡ, ಎರಡು ಕತ್ತಿ. ಚಕಮಕಿ ಕಲ್ಲು, ಕಿಡಿ ಹಿಡಿಯಲು ಒಣ ಅರಳೆ. ಹುರಿಹಿಟ್ಟು, ಬೆಲ್ಲ, ಹಗ್ಗ, ಬಿಲ್ಲಿಗೆ ಇನ್ನೊಂದು ಹೆದೆ. ತೊಗಲಿನ ಚೀಲ ಬಸುರಿ ಎಮ್ಮೆಯಂತೆ ಉಬ್ಬಿತು. ಬಾಯಿಗೆ ಬಿಗಿಯಾಗಿ ಗಂಟು ಹಾಕಿ ಗುರುವಿನ ಮುಂದೆ ತಂದಿಟ್ಟ.

"ಅಜ್ಜ, ಏನಾದ್ರೂ ಮರ್ತಿದೀನಾ?"

ಅಜ್ಜ ಚೀಲವನ್ನು ನೋಡಲಿಲ್ಲ. ಗಂಟನ್ನು ನೋಡಿದ.

"ಏನೂ ಮರೆತಿಲ್ಲ," ಎಂದ. "ಹೊತ್ಕೊಂಡು ಬಾ."

ಇಬ್ಬರೂ ಹೊಳೆಯ ದಂಡೆಗೆ ಹೋದರು. ಆಗತಾನೆ ಬೆಳಕು ಹರಿದಿತ್ತು. ಗಾಳಿ ನೀರಿನ ಮೇಲಿಂದ ಬೀಸುತ್ತಿತ್ತು.

"ಆ ದಿಬ್ಬ ಹತ್ತಿ ಇಳಿ. ನಾನು ಸಾಕು ಅನ್ನೋವರೆಗೂ."

ಗಾದ್ರಿ ಒಂದು ಕಂಬಳಿ ತೆಗೆದು ಹೊದ್ದು, ಚೀಲಕ್ಕೆ ಮತ್ತೆ ಗಂಟು ಹಾಕಿ ಬೆನ್ನಿಗೇರಿಸಿದ. ಹತ್ತಿದ, ಇಳಿದ, ಹತ್ತಿದ. ಒಳಗಿನ ಹತ್ತಿ ಅಂಗಿ ಬೆವರಿನಿಂದ ತೊಯ್ದುಹೋಯಿತು.

"ಸಾಕು. ಈ ಬಂಡೆ ಮೇಲೆ ಕೂತ್ಕೋ. ಎದುರಿಗೆ ಕಡವೆ ಮೇಯ್ತಾ ಇದೆ ಅಂತ ತಿಳ್ಕೊ. ಅಲ್ಲಾಡಬೇಡ."

ಗಾದ್ರಿ ಕೂತ. ಬೆವರು ತಣ್ಣಗಾಯಿತು. ಅಂಗಿ ಬೆನ್ನಿಗೆ ಅಂಟಿಕೊಂಡು ಕೊರೆಯತೊಡಗಿತು. ಕಂಬಳಿ ಮೇಲಿತ್ತು, ಚಳಿ ಒಳಗಿತ್ತು.

"ಕೈ ನೀರಿಗೆ ಬಿಡು."

ಬಿಟ್ಟ. ಅಜ್ಜ ಸುಮ್ಮನೆ ಪಕ್ಕದಲ್ಲಿ ಕೂತಿದ್ದ. ಗಾದ್ರಿಯ ಹಲ್ಲು ಕಟಕಟ ಎನ್ನುವವರೆಗೂ ಕೂತಿದ್ದ.

"ಈಗ ಬೆಂಕಿ ಹಚ್ಚು."

ಗಾದ್ರಿ ಚೀಲಕ್ಕೆ ಕೈ ಹಾಕಿದ. ಬೆರಳು ಅವನ ಮಾತು ಕೇಳಲಿಲ್ಲ. ಗಂಟು ಕಣ್ಣಿಗೆ ಕಾಣುತ್ತಿತ್ತು, ಕೈಗೆ ತಿಳಿಯುತ್ತಿರಲಿಲ್ಲ. ಎಳೆದ, ತಿರುಚಿದ. ಗಂಟು ಇನ್ನಷ್ಟು ಬಿಗಿಯಿತು. ಕೊನೆಗೆ ಬಗ್ಗಿ ಹಲ್ಲು ಹಾಕಿದ.

"ಸಾಕು!"

ಆರು ವರ್ಷದಲ್ಲಿ ಅಜ್ಜ ಕೂಗಿದ್ದನ್ನು ಗಾದ್ರಿ ಕೇಳಿರಲಿಲ್ಲ.

ಅಜ್ಜ ತನ್ನ ಕಂಬಳಿಯನ್ನು ಅವನಿಗೆ ಸುತ್ತಿದ. ಅವನ ಎರಡೂ ಕೈಗಳನ್ನು ತನ್ನ ಕಂಕುಳಲ್ಲಿ ಇಟ್ಟುಕೊಂಡ. 

"ನಿಮ್ಮಪ್ಪ ಸಿಕ್ಕಾಗ ಅವನ ಚೀಲದಲ್ಲಿ ಎಲ್ಲಾ ಇತ್ತು," ಎಂದ. "ಚಕಮಕಿ, ಅರಳೆ, ಕಂಬಳಿ. ಒಂದಕ್ಕೂ ನೀರು ತಾಗಿರಲಿಲ್ಲ. ಗಂಟಿನ ಮೇಲೆ ಹಲ್ಲಿನ ಗುರುತಿತ್ತು."

"ಎಂಥ ಗಂಟು ಹಾಕ್ಕೊಂಡಿದ್ದ ನಮ್ಮಪ್ಪ!"

"ಅವನಲ್ಲ, ನಾನು ಹಾಕಿದ್ದು. ದಾರೀಲಿ ಏನೂ ಬೀಳಬಾರದು ಅಂತ ಕಾಲು ಕೊಟ್ಟು ಬಿಗಿದಿದ್ದೆ."

ಗಾದ್ರಿ ಕೈಗಳನ್ನು ಸರಕ್ಕನೆ ಎಳೆದುಕೊಂಡ.



"ನಮ್ಮವ್ವನಿಗೆ ಗೊತ್ತಾ ಇದು?"

"ಗೊತ್ತು."

"ಗೊತ್ತಿದ್ದೂ ನನ್ನ ನಿನ್ನ ಹತ್ರ ಕಳಿಸಿದಳಾ?"

"ನಾನೂ ಅದನ್ನೇ ಕೇಳಿದೆ. 'ಬೇರೆಯವರು ಕಲಿಸ್ತಾರೆ. ನೀನಾದರೆ ಹೆದರಿ ಹೆದರಿ ಕಲಿಸ್ತೀಯ' ಅಂದಳು ನಿಮ್ಮವ್ವ ಪಾಲವ್ವ."

ಗಾದ್ರಿ ಹೊಳೆಯನ್ನು ನೋಡುತ್ತ ಕೂತ. ಸಿಟ್ಟು ಬಂದಿತ್ತು. ಆದರೆ ಯಾರ ಮೇಲೆ ಎಂದು ತಿಳಿಯಲಿಲ್ಲ. ಆಮೇಲೆ ಮರಗಟ್ಟಿದ ಕೈಗಳನ್ನು ತಾನಾಗಿಯೇ ಮತ್ತೆ ಅಜ್ಜನ ಕಂಕುಳಿಗೆ ತೂರಿಸಿದ.

"ಹಾಗಾದ್ರೆ ಚೀಲ ಹೇಗೆ ಕಟ್ಟಬೇಕು? ಕಟ್ಟಿ ತೋರಿಸು ಅಜ್ಜ."

"ನಾನು ಕಟ್ಟಲ್ಲ."

"ಕಟ್ಟಬೇಡ. ಬಾಯಲ್ಲಿ ಹೇಳು."

"ಹೇಳೋದೂ ಇಲ್ಲ. ನಿನ್ನ ಮರಗಟ್ಟಿದ ಕೈಯನ್ನ ಕೇಳು."

ಮರುದಿನ ಮುಂಜಾನೆ ಮತ್ತೆ ದಿಬ್ಬ, ಮತ್ತೆ ಬಂಡೆ, ಮತ್ತೆ ತಣ್ಣೀರು. ಗಾದ್ರಿ ಬೆಂಕಿ ಹಚ್ಚಲಾಗದೆ ಸೋತ. ಅದರ ಮರುದಿನವೂ ಸೋತ. ಆದರೆ ದಿನಕ್ಕೊಂದು ವಿಷಯ ಕೈ ಹೇಳಿಕೊಟ್ಟಿತು.

ಹತ್ತಿ ಅಂಗಿಯನ್ನು ಮನೆಯಲ್ಲಿ ಬಿಟ್ಟು ಉಣ್ಣೆಯದು ತೊಟ್ಟ. ಹತ್ತುವಾಗ ಕಂಬಳಿ ಬೆನ್ನ ಮೇಲೆ ಮಡಚಿಟ್ಟುಕೊಂಡು, ಚಳಿಯಲ್ಲೇ ಹತ್ತಿ, ಕೂತ ಮೇಲೆ ಹೊದ್ದ. ಎರಡನೇ ಕತ್ತಿಯನ್ನು ಅವ್ವನಿಗೆ ಕೊಟ್ಟ. ಅವಳಿಗೆ ಸೊಪ್ಪು ಹೆಚ್ಚಲು ಅನುಕೂಲವಾಯಿತು. ಚಕಮಕಿ, ಅರಳೆಯನ್ನು ಸಣ್ಣ ತೊಗಲಿನ ಸಂಚಿಯಲ್ಲಿಟ್ಟು ಕೊರಳಿಗೆ ಹಾಕಿಕೊಂಡ. ಸಂಚಿಯ ಬಾಯಿಗೆ ಗಂಟು ಹಾಕಲಿಲ್ಲ. ಕುಣಿಕೆ ಮಾಡಿ ಅದರೊಳಗೆ ಗೇಣುದ್ದದ ಬಿದಿರಿನ ಕಡ್ಡಿ ತೂರಿಸಿದ. ಮಣಿಕಟ್ಟಿನಿಂದ ತಳ್ಳಿದರೂ ಬಿಚ್ಚಿಕೊಳ್ಳುತ್ತಿತ್ತು.

ಐದನೆಯ ಮುಂಜಾನೆ ಮರದ ಕೊರಡಿನಂತಾದ ಕೈಯಲ್ಲೇ ಬೆಂಕಿ ಹಚ್ಚಿದ.

ಕುಣಿದಾಡುವಷ್ಟು ಸಂತೋಷವಾಗಿ ಗುರುವಿನ ಮುಖ ನೋಡಿದ. ಅಜ್ಜ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತ "ಹೂಂ" ಎಂದ. ಅಷ್ಟೇ.

ಗಾದ್ರಿ ಬೆಟ್ಟ ಹತ್ತಿದ.

ಅಜ್ಜ ಬೆಟ್ಟದ ದಾರಿಯ ಬುಡದಲ್ಲಿ ಕೂತು ಎಕ್ಕಡ ಹೊಲಿಯತೊಡಗಿದ. ತಾನು ಕಾಯುತ್ತಿಲ್ಲ ಎಂದು ತೋರಿಸಿಕೊಳ್ಳಬೇಕಿತ್ತು ಪಾಪ. ಒಂದೇ ಎಕ್ಕಡವನ್ನು ನಾಲ್ಕು ಸಲ ಬಿಚ್ಚಿ ನಾಲ್ಕು ಸಲ ಹೊಲಿದ.

ಎರಡನೆಯ ದಿನ ಬೆಟ್ಟದ ಮೇಲೆ ಮೋಡ ಕವಿಯಿತು. ಪಾಲವ್ವ ಬಂದು ಪಕ್ಕದಲ್ಲಿ ಕೂತಳು.

"ಅಜ್ಜ, ಈ ಸಲ ಚೀಲ ಕಟ್ಟಿದ್ದು ಯಾರು?"

"ಅವನೇ."

"ಹಾಗಾದ್ರೆ ಬರ್ತಾನೆ," ಎಂದಳು. ಆದರೆ ಎದ್ದು ಹೋಗಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ದಾರಿಯ ತಿರುವಿನಲ್ಲಿ ಒಂದು ಕಂಬಳಿ ಕಂಡಿತು. ಆಮೇಲೆ ಕಾಲು ಕಂಡವು. ಆಮೇಲೆ ಗಾದ್ರಿ. ಪಾಲವ್ವ ಮಣ್ಣಿನಲ್ಲೇ ಕುಸಿದು ಕೂತು ಜೋರಾಗಿ ಅತ್ತಳು. ಅಜ್ಜನಿಗೂ ಹೋದ ಜೀವ ಬಂದಂತಾಯಿತು.

ಗಾದ್ರಿ ಮಾತ್ರ ತಲೆ ಎತ್ತಲಿಲ್ಲ. ಅವನ ಹೆಗಲ ಮೇಲೆ ಚೀಲ ಬಿಟ್ಟರೆ ಏನೂ ಇರಲಿಲ್ಲ.

"ಬರಿಗೈಲಿ ಬಂದೆ ಅಜ್ಜ."

"ಕಡವೆ ಕಾಣಲಿಲ್ವಾ?"

"ಕಾಣ್ತು. ಇಪ್ಪತ್ತು ಮಾರು ದೂರದಲ್ಲಿ ಅಡ್ಡಡ್ಡ ನಿಂತಿತ್ತು. ಬೆಳಗ್ಗೆಯಿಂದ ತುಂತುರು ಹಿಡಿದಿತ್ತು. ಬಾಣ ಹೂಡಿದೆ. ಹೆದೆ ಬೆರಳಿಗೆ ತಾಗಿದ್ದೇ ತಿಳೀಲಿಲ್ಲ."

"ಆಮೇಲೆ?"

"ಬಿಟ್ಟುಬಿಡೋಣ ಅನ್ನಿಸ್ತು. ಒಂದೇ ಒಂದು ಬಾಣ ತಾನೇ, ತಾಗಿದರೆ ತಾಗ್ಲಿ ಅಂತ. ಆದ್ರೆ ಕೈ ನನ್ನದಲ್ಲ ಅನ್ನೋ ಹಾಗಿತ್ತು. ಗಾಯ ಮಾಡಿ ಅದರ ಹಿಂದೆ ಓಡಿದ್ರೆ ನಾನೂ ಬರ್ತಿರಲಿಲ್ಲ. ಬಾಣ ಕೆಳಗಿಟ್ಟು ಅಲ್ಲೇ ಬೆಂಕಿ ಹಚ್ಚಿದೆ. ಹೊಗೆ ಕಂಡು ಅದು ಓಡಿಹೋಯ್ತು."

ಅಜ್ಜ ಹೊಲಿಯುತ್ತಿದ್ದ ಎಕ್ಕಡವನ್ನು ಬದಿಗಿಟ್ಟ.

"ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ," ಎಂದ ಗಾದ್ರಿ. ಅವನ ಕಣ್ಣು ತುಂಬಿತ್ತು. "ಹಟ್ಟಿಯವರೆಲ್ಲ ಕಾಯ್ತಿದಾರೆ. ಬೆಟ್ಟದಿಂದ ಏನು ತಂದಿದೀಯ ಅಂತ ಕೇಳಿದ್ರೆ ಏನು ಹೇಳಲಿ ಅಜ್ಜ?"

ಓಬಜ್ಜ ಅವನ ಎರಡೂ ಕೈ ಹಿಡಿದುಕೊಂಡ. ಅವು ಬೆಚ್ಚಗಿದ್ದವು. ಮುದುಕ ನಕ್ಕ, ನಗುತ್ತಲೇ ಕಣ್ಣೊರೆಸಿಕೊಂಡ.

"ಪಾಲವ್ವನ ಮಗನನ್ನ ತಂದಿದೀನಿ ಅಂತ ಹೇಳು."