ಬಿರುದು ಮುಗಿಯುವ ತನಕ ಸೌಟು ಮುಟ್ಟಬಾರದು

"ನನ್ನಂಥ ದಾನಿ ಈ ಸೀಮೆಯಲ್ಲಿ ಇನ್ನೊಬ್ಬನಿದ್ದರೆ ಕರೆತನ್ನಿ," ಎಂದು ಕೆಂಚನಗಡದ ದೊರೆ ಬೊಮ್ಮರಸ ಆಗಾಗ ಸವಾಲು ಹಾಕುತ್ತಿದ್ದ. ಯಾರೂ ಕರೆತರುತ್ತಿರಲಿಲ್ಲ. ತಮ್ಮ ತಮ್ಮ ತಲೆ ಎಲ್ಲರಿಗೂ ಬೇಕಿತ್ತು.

ದೊರೆಯ ದಾನವನ್ನು ಊರಿಗೆಲ್ಲ ಕೇಳಿಸಲೆಂದೇ ಆಸ್ಥಾನದಲ್ಲಿ ಮಾಯಣ್ಣನೆಂಬ ಕವಿ ಇದ್ದ. ಗಂಟಲು ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು. ತನ್ನ ಪದ್ಯದಷ್ಟು ಸೊಗಸಾದದ್ದು ಭೂಮಿಯ ಮೇಲಿಲ್ಲವೆಂದು ಅವನು ಮನಸಾರೆ ನಂಬಿದ್ದ. ಹಾಗೆ ನಂಬಿದವನು ತಾನೊಬ್ಬನೇ ಎಂಬುದು ಅವನಿಗಿನ್ನೂ ತಿಳಿದಿರಲಿಲ್ಲ.

ಊರ ಬಸದಿಗೆ ಸೇರಿದ ಒಂದು ದಾನಶಾಲೆಯಿತ್ತು. ದಾರಿಹೋಕರಿಗೆ ಅನ್ನ, ರೋಗಿಗಳಿಗೆ ಮದ್ದು, ದಿಕ್ಕಿಲ್ಲದವರಿಗೆ ಮಲಗಲು ಜಾಗ ಅಲ್ಲಿ ಸಿಗುತ್ತಿತ್ತು. ನೀನು ಯಾರು, ಎಲ್ಲಿಯವನು ಎಂದು ಕೇಳುತ್ತಿರಲಿಲ್ಲ. ಅದನ್ನು ನಡೆಸುತ್ತಿದ್ದ ಸಾಂತವ್ವ ಒಂದು ದಿನ ಅರಮನೆಗೆ ಬಂದಳು.

"ಕಣಜಕ್ಕೆ ನೀರು ನುಗ್ಗಿ ಭತ್ತವೆಲ್ಲ ಮುಗ್ಗಿಹೋಯ್ತು ಪ್ರಭು. ಹೊಸ ಫಸಲು ಬರೋ ತನಕ ಅರಮನೆ ಕೈ ಹಿಡಿಯಬೇಕು. ಇಲ್ಲದಿದ್ದರೆ ಬಾಗಿಲು ಹಾಕ್ಬೇಕಾಗುತ್ತೆ."

"ನಾನಿರುವಾಗ ಬಾಗಿಲು ಹಾಕೋದೇ? ದಿನಾ ಗಾಡಿ ತುಂಬ ಅಕ್ಕಿ ಕಳಿಸ್ತೀನಿ. ಆದರೆ ಊಟದ ಹೊತ್ತಿಗೆ ನಾನು ಬಂದು ಕೂರಬೇಕು. ಮಾಯಣ್ಣ ನನ್ನ ಬಿರುದುಗಳನ್ನೆಲ್ಲ ಹಾಡಿ ಮುಗಿಸುವ ತನಕ ಯಾರೂ ಸೌಟು ಮುಟ್ಟಬಾರದು."

ಸಾಂತವ್ವ ಬೇರೆ ದಾರಿ ಕಾಣದೆ ಒಪ್ಪಿದಳು. ಮಾಯಣ್ಣ ಗಂಟಲಿಗೆ ಕಲ್ಲುಸಕ್ಕರೆ ಹಾಕಿಕೊಂಡ.

ಮರುದಿನ ದೊರೆ ಮಧ್ಯಾಹ್ನದ ನಿದ್ದೆ ಮುಗಿಸಿ, ವಾದ್ಯದವರನ್ನು ಮುಂದೆ ಬಿಟ್ಟುಕೊಂಡು ದಾನಶಾಲೆಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಎಲೆಗಳ ಮುಂದೆ ಜನ ಕಾದು ಕೂತಿದ್ದರು. ಮಾಯಣ್ಣ ಶುರುಮಾಡಿದ. ಒಂದೊಂದು ಬಿರುದಿಗೂ ಒಂದೊಂದು ಪದ್ಯ, ಪದ್ಯಕ್ಕೊಂದು ಆಲಾಪ. ಜನ ತಲೆದೂಗುತ್ತಿದ್ದರು. ಆಹಾ, ಎಂಥ ರಸಿಕರು ಎಂದುಕೊಂಡು ಅವನು ಆಲಾಪವನ್ನು ಇನ್ನಷ್ಟು ಎಳೆದ. ಪಾಪ, ಅವರು ಹಸಿವಿಗೆ ತೂಗಾಡುತ್ತಿದ್ದರು.

ಕೊನೆಯ ಬಿರುದು ಮುಗಿಯಿತು. ಸಾಂತವ್ವ ಆಕಾಶ ನೋಡಿ, ಒಲೆಗೆ ನೀರು ಹಾಕಿದಳು.

"ಹೊತ್ತು ಮುಳುಗಿತು. ಇನ್ನು ಬಸದಿಯಲ್ಲಿ ಬಡಿಸೋ ಹಾಗಿಲ್ಲ. ದೀಪಕ್ಕೆ ಬರೋ ಹುಳ ಅನ್ನಕ್ಕೆ ಬೀಳುತ್ತೆ. ಈ ನೇಮ ನಾನು ಮಾಡಿದ್ದಲ್ಲ."

ಮಕ್ಕಳನ್ನು ಅಕ್ಕಪಕ್ಕದ ಮನೆಗಳಿಗೆ ಉಣ್ಣಲು ಕಳಿಸಿದಳು. ದೊಡ್ಡವರು ನೀರು ಕುಡಿದು ಮಲಗಿದರು. ಅವಳೂ ಉಣ್ಣಲಿಲ್ಲ. ದೊರೆ ಮಾತ್ರ ಇದಾವುದನ್ನೂ ನೋಡದೆ ಆಗಲೇ ಪಲ್ಲಕ್ಕಿ ಏರಿಯಾಗಿತ್ತು.

ಮಾಯಣ್ಣ ಹೊರಡುವಾಗ ಕುರುಡಿ ಬೈರವ್ವಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ಉಬ್ಬಿಹೋದ.

"ಅಜ್ಜಿ, ಯಾವ ಸಾಲು ಇಷ್ಟು ಮನಸ್ಸಿಗೆ ತಟ್ಟಿತು?"

"ಕೊನೇ ಸಾಲು, ಸ್ವಾಮಿ. ಸದ್ಯ ಮುಗೀತು ಅಂತ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಹೊತ್ತೂ ಮುಳುಗಿತ್ತು."

ಮಾಯಣ್ಣ ಮನೆಗೆ ಹೋಗಿ ಎಲೆಯ ಮುಂದೆ ಕೂತ. ಹುಟ್ಟಿದಾಗಿನಿಂದ ಮೊದಲ ಸಲ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಒಂದೆರಡು ಹೋಳಿಗೆ ಇಳಿದವು, ಅದಕ್ಕೂ ನಾಚಿಕೆಯಾಯಿತು.

ಬೆಳಗ್ಗೆ ಎದ್ದವನೇ ಅರಮನೆಗೆ ಹೋದ. "ಪ್ರಭು, ನಿನ್ನೆ ಒಂದು ಕೊರತೆ ಉಳಿಯಿತು. ದಿನವೆಲ್ಲ ಉಪವಾಸವಿದ್ದು, ತಾನು ಕೊಟ್ಟ ಅನ್ನದಲ್ಲೇ ಮೊದಲ ತುತ್ತು ಉಂಡವನೆಂಬ ಬಿರುದು ತಮಗಿಲ್ಲ. ಹಿಂದಿನ ಯಾವ ದೊರೆಗೂ ಇರಲಿಲ್ಲ."

ಇದ್ದ ಬಿರುದುಗಳೆಲ್ಲ ದೊರೆಗೆ ಒಮ್ಮೆಲೇ ಸಪ್ಪೆಯೆನಿಸಿದವು. ಇಂದು ದಾನಶಾಲೆಯಲ್ಲಿ ಉಣ್ಣುವ ತನಕ ತಾನು ಬೇರೇನೂ ಮುಟ್ಟುವುದಿಲ್ಲವೆಂದು ಊರಿಡೀ ಡಂಗುರ ಹೊಡೆಸಿಬಿಟ್ಟ.

ಮಾಯಣ್ಣ ತನ್ನ ಮನೆಯ ಅಕ್ಕಿ ಬೇಳೆಯನ್ನೆಲ್ಲ ಗಾಡಿಗೆ ಹೇರಿ ದಾನಶಾಲೆಗೆ ಕಳಿಸಿದ. ಗಾಡಿ ಬೀದಿ ತಿರುಗುವ ತನಕ ಅದನ್ನೇ ನೋಡುತ್ತ ನಿಂತಿದ್ದ. ಮಗಳನ್ನು ಗಂಡನ ಮನೆಗೆ ಕಳಿಸಿದಾಗಲೂ ಅವನಿಗೆ ಅಷ್ಟು ಸಂಕಟವಾಗಿರಲಿಲ್ಲ.

ಇಳಿಹೊತ್ತಿಗೆ ದೊರೆ ಬಂದು ಪಂಕ್ತಿಯಲ್ಲೇ ಕೂತ. ಒಳಗಿನಿಂದ ಸಾರಿನ ಘಮ ಬರುತ್ತಿತ್ತು. ಮಾಯಣ್ಣ ಅರ್ಧದಷ್ಟು ಬಿರುದುಗಳನ್ನು ಹಾಡಿ ಮುಗಿಸುವಷ್ಟರಲ್ಲಿ ದೊರೆಯ ಹೊಟ್ಟೆ ಮಾತಾಡತೊಡಗಿತು.

"ಮಾಯಣ್ಣ, ಸ್ವಲ್ಪ ಬೇಗ."

"ಒಂದು ಬಿರುದು ಬಿಟ್ಟರೂ ಅಪ್ಪಣೆ ಮೀರಿದಂತೆ, ಪ್ರಭು."

ಅಷ್ಟರಲ್ಲಿ ಬೈರವ್ವಜ್ಜಿ ಕೈಮುಗಿದಳು. "ನಿನ್ನೆ ಸರಿಯಾಗಿ ಕೇಳಿಸಲಿಲ್ಲ ಸ್ವಾಮಿ. ಮೊದಲಿಂದ ಹೇಳಿ."

"ಹೌದು, ಮೊದಲಿಂದ," ಎಂದರು ಪಂಕ್ತಿಯವರೆಲ್ಲ. ತನ್ನ ಹೊಗಳಿಕೆಯನ್ನು ಜನ ಮತ್ತೆ ಕೇಳುವಾಗ ದೊರೆ ಬೇಡವೆನ್ನುವುದು ಹೇಗೆ? ಮಾಯಣ್ಣ ಮತ್ತೆ ಗಣಪತಿಸ್ತುತಿಯಿಂದ ಹಿಡಿದ. ಮುಗಿಯುವಷ್ಟರಲ್ಲಿ ಸಾಂತವ್ವ ಒಲೆಗೆ ನೀರು ಹಾಕಿದಳು.

"ಏಕೆ ಆರಿಸಿದೆ? ನನಗೆ ಬಡಿಸು."

"ಹೊತ್ತು ಮುಳುಗಿತು ಪ್ರಭು. ಇನ್ನು ನಾಳೆ ಬೆಳಗ್ಗೆಯೇ."

"ಹಾಗಾದರೆ ಇವರೆಲ್ಲ ಉಪವಾಸವೇ?"

"ಇವತ್ತು ಇಲ್ಲ. ಮಾಯಣ್ಣನವರ ಮನೆ ಅಕ್ಕಿಯಲ್ಲಿ ಮಧ್ಯಾಹ್ನವೇ ಉಂಡರು. ನಿನ್ನೆ ಹಾಗೇ ಮಲಗಿದರು. ತಮ್ಮ ಅನ್ನ ಹಸುಗಳ ಪಾಲಾಯ್ತು."

ದೊರೆಯ ಮುಖ ಇಳಿಯಿತು. ನಿನ್ನೆಯ ಹಸಿವೇನೆಂದು ಇಂದು ಅವನ ಹೊಟ್ಟೆಗೆ ಗೊತ್ತಾಗುತ್ತಿತ್ತು. ಆ ಸಂಕಟದ ಸಿಟ್ಟನ್ನು ಮಾಯಣ್ಣನ ಮೇಲೆ ತಿರುಗಿಸಿದ.

"ನಿನ್ನೆಯಿಂದ ಬಾಯಿ ಬಡಿದುಕೊಳ್ಳುತ್ತಿದ್ದೀಯಲ್ಲ, ನಿನ್ನ ಪದ್ಯದಿಂದ ಯಾರದಾದರೂ ಹೊಟ್ಟೆ ತುಂಬಿದೆಯೇನಯ್ಯ?"

ಮಾಯಣ್ಣ ತನ್ನ ದೊಡ್ಡ ಹೊಟ್ಟೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ. "ತುಂಬಿದೆ ಪ್ರಭು. ಇಡೀ ಸೀಮೆಯಲ್ಲಿ ಇದೊಂದೇ."

ದೊರೆ ಆ ಹೊಟ್ಟೆಯನ್ನೇ ನೋಡಿದ. ನಗು ತಡೆಯಲಾಗಲಿಲ್ಲ. ನಕ್ಕರೆ ಖಾಲಿ ಹೊಟ್ಟೆ ಹಿಡಿದುಕೊಳ್ಳುತ್ತಿತ್ತು, ಆದರೂ ನಕ್ಕ.

"ಸಾಂತವ್ವ, ನಾಳೆಯಿಂದ ಅಕ್ಕಿ ಬೆಳಗ್ಗೆಯೇ ಬರುತ್ತೆ. ನಾನು ಬರೋದಿಲ್ಲ, ವಾದ್ಯವೂ ಬರೋದಿಲ್ಲ. ಇವನ ಮನೆಗೂ ಒಂದು ಗಾಡಿ ಹೋಗಲಿ, ಇಲ್ಲದಿದ್ದರೆ ಹೊಟ್ಟೆ ಇಳಿದೀತು. ಮಾಯಣ್ಣ, ನಿನ್ನ ಪದ್ಯ ಊಟವಾದ ಮೇಲೆ, ಕೇಳುವವರಿದ್ದರೆ."

ಮರುದಿನ ಊಟವಾದ ಮೇಲೆ ಮಾಯಣ್ಣ ಗಂಟಲು ಸರಿಮಾಡಿಕೊಂಡು ನಿಂತ. ಒಬ್ಬೊಬ್ಬರೇ ಎದ್ದುಹೋದರು. ಬೈರವ್ವಜ್ಜಿ ಒಬ್ಬಳು ಕಂಬಕ್ಕೊರಗಿ ಕೂತೇ ಇದ್ದಳು. ಅವನಿಗೆ ಎದೆ ತುಂಬಿಬಂತು. ಎಲ್ಲಾ ಬಿರುದುಗಳನ್ನೂ ಮೊದಲಿಂದ ಹಾಡತೊಡಗಿದ. ನಡುವೆ ಹತ್ತಿರ ಹೋಗಿ ನೋಡಿದರೆ ಅಜ್ಜಿ ಗೊರಕೆ ಹೊಡೆಯುತ್ತಿದ್ದಳು.

ಮಾಯಣ್ಣ ಅವಳಿಗೆ ಎಚ್ಚರವಾಗದಂತೆ ದನಿ ತಗ್ಗಿಸಿ ಮುಂದುವರಿಸಿದ.