ಗೆರೆಯಾಚೆಯ ಗುರುತು

"ಗುರುಗಳೇ, ಯಾರಿಗೂ ಗೊತ್ತಾಗದ ತಪ್ಪಿಗೆ ಶಿಕ್ಷೆ ಕೊಡುವವರು ಯಾರು?" ಎಂದು ಶಿಷ್ಯ ಕೇಳಿದ.

"ಕೇಳುತ್ತಿರುವವನು ತಪ್ಪು ಮಾಡಿದವನೋ, ತಪ್ಪಿಗೆ ಗುರಿಯಾದವನೋ?"

"ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವರು ಊಟದ ಗಂಟೆ ಹೊಡೆದ ಮೇಲೆ ಕೇಳುವುದಿಲ್ಲ. ಕುಳಿತುಕೋ."

ಶಿಷ್ಯ ಕುಳಿತ. ಗುರುಗಳು ಒಬ್ಬ ಟೆನಿಸ್ ಆಟಗಾರ್ತಿಯ ಕತೆ ಹೇಳಿದರು. ಗುರುಗಳಿಗೆ ಟೆನಿಸ್ ಹೇಗೆ ಗೊತ್ತು ಎಂದು ಶಿಷ್ಯ ಕೇಳಲಿಲ್ಲ. ಗುರುಗಳಿಗೆ ಎಲ್ಲವೂ ಗೊತ್ತಿರುತ್ತದೆ ಎಂದು ನಂಬುವುದು ಶಿಷ್ಯರಿಗೆ ಅನುಕೂಲ.

ಒಂದು ಊರಿನ ಕ್ಲಬ್ಬಿನಲ್ಲಿ ಒಬ್ಬ ಮಾರ್ಕರ್ ಇದ್ದ. ಸದಸ್ಯರ ಎದುರು ಆಡಿ, ಅವರಿಗೆ ಆಟ ಬರುತ್ತದೆ ಎಂಬ ಭಾವನೆ ಮೂಡಿಸುವುದು ಅವನ ನೌಕರಿ. ಬೆಳಿಗ್ಗೆ ಕೆಂಪು ಮಣ್ಣಿನ ಅಂಕಣಕ್ಕೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದಲ್ಲಿ ಗೆರೆ ಹಾಕುವುದೂ ಅವನದೇ ಕೆಲಸ. ಸದಸ್ಯನೊಬ್ಬ ತನ್ನ ಎಂಟು ವರ್ಷದ ಮಗಳನ್ನು ತಂದು ಅವನ ಕೈಗೆ ಒಪ್ಪಿಸಿದ.

ಮೊದಲ ತಿಂಗಳು ಮಾರ್ಕರ್ ಅವಳ ಕೈಗೆ ರ್ಯಾಕೆಟ್ ಕೊಡಲಿಲ್ಲ. ಗೆರೆ ಹಾಕಿಸಿದ.

"ಗೆರೆಯೂ ಅಂಕಣವೇ ಮಗಳೇ. ಅಂಚನ್ನು ಕೂದಲೆಳೆಯಷ್ಟು ಮುಟ್ಟಿದರೂ ಚೆಂಡು ಒಳಗೆ. ಅನುಮಾನ ಬಂತೋ, ಆ ಚೆಂಡು ಎದುರಿನವಳದು," ಎಂದ.

ತಂದೆಗೆ ಇದು ಹೊತ್ತು ಕಳೆಯುವ ಉಪಾಯ ಎನ್ನಿಸಿತು. ಆದರೆ ಎರಡನೆಯ ತಿಂಗಳಿನಿಂದ ಹುಡುಗಿ ಆಡಿದ ರೀತಿ ನೋಡಿ ಸುಮ್ಮನಾದ. ಚೆಂಡು ಎಲ್ಲಿ ಬೀಳುತ್ತದೆ ಎಂಬುದು ಅವಳಿಗೆ ಉಳಿದವರಿಗಿಂತ ಮೊದಲು ಗೊತ್ತಾಗುತ್ತಿತ್ತು. ಗೆರೆಯ ಮೇಲೆ ಬಿದ್ದ ಚೆಂಡನ್ನೂ ಓಡಿಹೋಗಿ ಹಿಂದಿರುಗಿಸುತ್ತಿದ್ದಳು. ಹನ್ನೆರಡಕ್ಕೆ ಜಿಲ್ಲೆಯಲ್ಲಿ ಅವಳಿಗೆ ಸಮನಾದವರಿರಲಿಲ್ಲ. ಹದಿಮೂರಕ್ಕೆ ರಾಷ್ಟ್ರಮಟ್ಟದ ಬಾಲಕಿಯರ ಪಂದ್ಯಾವಳಿಯ ಸೆಮಿಫೈನಲ್ ತಲುಪಿದಳು.

ಮಕ್ಕಳ ಪಂದ್ಯಾವಳಿಗಳಲ್ಲಿ ಒಂದು ಪದ್ಧತಿ ಇದೆ. ಫೈನಲ್ ಬಿಟ್ಟು ಉಳಿದ ಪಂದ್ಯಗಳಿಗೆ ಅಂಪೈರ್ ಸಿಗುವುದು ಅಪರೂಪ. ನಿನ್ನ ಕಡೆ ಬಿದ್ದ ಚೆಂಡು ಒಳಗೋ ಹೊರಗೋ ಎಂದು ನೀನೇ ಹೇಳಬೇಕು. ಹೊರಗಾದರೆ ಎಡಗೈಯ ತೋರುಬೆರಳು ಎತ್ತಬೇಕು. ಎದುರಿನವಳು ನಂಬದಿದ್ದರೆ ಚೆಂಡು ಮಣ್ಣಿನಲ್ಲಿ ಮೂಡಿಸಿದ ಗುರುತನ್ನು ತೋರಿಸಬೇಕು. ತೋರಿಸುವ ಮೊದಲು ಅದನ್ನು ಕಾಲಿನಿಂದ ಒರೆಸಿದರೆ ಪಾಯಿಂಟ್ ನಿನ್ನದಲ್ಲ. ಆಟಗಾರ್ತಿಯೂ ನೀನೇ, ಸಾಕ್ಷಿಯೂ ನೀನೇ, ನ್ಯಾಯಾಧೀಶೆಯೂ ನೀನೇ. ಇಷ್ಟು ದೊಡ್ಡ ಭಾರವನ್ನು ಆಟ ಮಕ್ಕಳ ಮೇಲೆ ಮಾತ್ರ ಹೊರಿಸುತ್ತದೆ. ದೊಡ್ಡವರ ಮೇಲೆ ಹೊರಿಸುವಷ್ಟು ಧೈರ್ಯ ಅದಕ್ಕೂ ಇಲ್ಲ.

ಆ ಸೆಮಿಫೈನಲ್‌ನ ಕೊನೆಯ ಸೆಟ್‌ನಲ್ಲಿ ಹುಡುಗಿ ಐದು–ಎರಡು ಗೇಮ್‌ಗಳಿಂದ ಮುಂದಿದ್ದಳು. ಇನ್ನೊಂದು ಪಾಯಿಂಟ್ ಬಂದರೆ ಗೆಲುವು. ಎದುರಿನವಳ ಚೆಂಡು ಗೆರೆಯ ಹತ್ತಿರ ಬಿತ್ತು. ಒಳಗೋ ಹೊರಗೋ ಹುಡುಗಿಗೆ ಖಚಿತವಾಗಲಿಲ್ಲ. ಮಾರ್ಕರ್ ಕಲಿಸಿದ ಹಾಗೆ ಕೊಟ್ಟುಬಿಟ್ಟಳು. ಆಮೇಲೆ ಸಾಲಾಗಿ ಐದು ಗೇಮ್ ಸೋತಳು.

ಊರಿಗೆ ಮರಳುವ ರೈಲು ಮೂರು ನಿಲ್ದಾಣ ದಾಟಿತು. ನಾಲ್ಕನೆಯದರಲ್ಲಿ ತಂದೆ ಚಹಾ ಕುಡಿದು ಕೇಳಿದ:

"ಯಾರಿಗೆ ಕೊಟ್ಟೆ ಆ ಚೆಂಡು? ನಿನ್ನ ಅತ್ತೆ ಮಗಳಿಗಾ?"

"ಅನುಮಾನ ಇತ್ತು ಅಪ್ಪಾ."

"ಅನುಮಾನ ಇದ್ದಿದ್ದು ನಿನಗೆ. ಅವಳಿಗಿರಲಿಲ್ಲ. ಅದಕ್ಕೇ ಕಪ್ ಅವಳ ಮನೆಗೆ ಹೋಯಿತು. ಮಾರ್ಕರ್ ಮಾತು ಕೇಳಿದರೆ ಮಾರ್ಕರ್ ಆಗುತ್ತೀಯ, ಅಷ್ಟೇ."

ತಂದೆ ಕೆಟ್ಟವನಲ್ಲ. ಸುಳ್ಳು ಹೇಳು ಎಂದು ಅವನು ಹೇಳಲಿಲ್ಲ. ತಂದೆಯರು ಹಾಗೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ.

ಮರುವರ್ಷ ಅದೇ ಪಂದ್ಯಾವಳಿ, ಅದೇ ಸೆಮಿಫೈನಲ್. ಎದುರಾಳಿ ಬೇರೆ. ಅವಳ ಜೊತೆ ಮನೆಯವರು ಯಾರೂ ಬಂದಿರಲಿಲ್ಲ. ಹುಡುಗಿಯ ತಂದೆ ತಂತಿಬೇಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ವಿದೇಶದ ಅಕಾಡೆಮಿಯೊಂದರಿಂದ ಬಂದವನು ಅವನ ಪಕ್ಕದಲ್ಲಿ ನಿಂತಿದ್ದ. ಫೈನಲ್ ತಲುಪುವ ಇಬ್ಬರನ್ನು ಅವನು ಕರೆದುಕೊಂಡು ಹೋಗಲಿದ್ದಾನೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಕೊನೆಯ ಸೆಟ್. ಮತ್ತೆ ಐದು–ಎರಡು. ಮತ್ತೆ ಒಂದು ಪಾಯಿಂಟ್ ಬಾಕಿ.

ಎದುರಾಳಿ ಹೊಡೆದ ಚೆಂಡು ಗೆರೆಯ ಮೇಲೆ ಬಿತ್ತು. ಈ ಸಲ ಅನುಮಾನವೇ ಇರಲಿಲ್ಲ. ಸುಣ್ಣ ಹಾರಿದ್ದನ್ನು ಹುಡುಗಿ ಕಣ್ಣಾರೆ ಕಂಡಳು. ಬೆರಳು ಎತ್ತಿದಳು.

"ಗುರುತು ತೋರಿಸು," ಎಂದಳು ಎದುರಾಳಿ.

ಗೆರೆಯಿಂದ ಎರಡು ಬೆರಳು ಆಚೆಗೆ ಒಂದು ಹಳೆಯ ಗುರುತಿತ್ತು. ಹಿಂದಿನ ಗೇಮ್‌ನದೋ, ಬೆಳಗಿನ ಪಂದ್ಯದ್ದೋ. ಹುಡುಗಿ ರ್ಯಾಕೆಟ್ಟಿನ ತುದಿಯಿಂದ ಅದರ ಸುತ್ತ ದುಂಡಗೆ ಗೀಚಿದಳು. ಹೊಸ ಗುರುತನ್ನು ಒರೆಸಲಿಲ್ಲ. ಒರೆಸುವುದು ನಿಯಮಕ್ಕೆ ವಿರುದ್ಧ.

ಎದುರಾಳಿ ನೆಟ್ ಸುತ್ತಿಕೊಂಡು ಕುಂಟುತ್ತಾ ಬಂದಳು. ಗೀಚಿದ ದುಂಡನ್ನು ನೋಡಿದಳು. ಗೆರೆಯನ್ನು ನೋಡಿದಳು. ಬೇಲಿಯ ಬುಡಕ್ಕೆ ಉರುಳಿದ್ದ ಚೆಂಡನ್ನು ಎತ್ತಿಕೊಂಡಳು. ಅದರ ಮೈಗೆ ಸುಣ್ಣ ಹತ್ತಿತ್ತು. ತಲೆಯೆತ್ತಿ ಬೇಲಿ ಹಿಡಿದು ನಿಂತಿದ್ದ ತಂದೆಯನ್ನು ಒಮ್ಮೆ ನೋಡಿದಳು. ಆಮೇಲೆ ಹೆಬ್ಬೆರಳಿನಿಂದ ಸುಣ್ಣ ಒರೆಸಿ, ಚೆಂಡನ್ನು ಹುಡುಗಿಯ ಕೈಗೆ ಕೊಟ್ಟು, "ಚೆನ್ನಾಗಿ ಆಡಿದೆ," ಎಂದು ಹೊರಟುಹೋದಳು.

"ಆ ಹುಡುಗಿಯ ಹೆಸರೇನು ಗುರುಗಳೇ?" ಎಂದು ಶಿಷ್ಯ ನಡುವೆ ಬಾಯಿ ಹಾಕಿದ.

"ಹೆಸರು ಹೇಳಿದರೆ ಅದು ಕತೆಯಲ್ಲ, ಚಾಡಿ," ಎಂದು ಗುರುಗಳು ಮುಂದುವರಿಸಿದರು.

ಅಲ್ಲಿಂದ ಹುಡುಗಿ ಏರಿದಳು. ಫೈನಲ್ ಗೆದ್ದಳು. ಅಕಾಡೆಮಿಗೆ ಹೋದಳು. ಹದಿನಾರರೊಳಗಿನವರ ಕಪ್, ಹದಿನೆಂಟರೊಳಗಿನವರ ಕಪ್, ಹೊರದೇಶದಲ್ಲಿ ಎರಡು ಜೂನಿಯರ್ ಪ್ರಶಸ್ತಿ. ಪತ್ರಿಕೆಗಳು ನಾಳಿನ ತಾರೆ ಎಂದು ಬರೆದವು. ಊರಿನಲ್ಲಿ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಶಾಸಕರು ಬ್ಯಾಡ್ಮಿಂಟನ್‌ನಲ್ಲಿ ನಾಡಿನ ಕೀರ್ತಿ ಬೆಳಗಿದ್ದಕ್ಕೆ ಅಭಿನಂದಿಸಿದರು. ಮಾರ್ಕರ್ ಹಿಂದಿನ ಸಾಲಿನಲ್ಲಿ ನಿಂತು ಚಪ್ಪಾಳೆ ತಟ್ಟಿದ. ಅವನನ್ನು ವೇದಿಕೆಗೆ ಕರೆಯುವುದು ಯಾರಿಗೂ ಹೊಳೆಯಲಿಲ್ಲ.

ಆ ನಾಲ್ಕು ವರ್ಷಗಳಲ್ಲಿ ಬೆರಳು ಮತ್ತೆ ಎಷ್ಟು ಸಲ ಎದ್ದಿತು ಎಂದು ಹುಡುಗಿ ಲೆಕ್ಕ ಇಡಲಿಲ್ಲ. ಮೊದಲನೆಯ ಸಲ ಗುರುತು ನೋಡಿ ಎತ್ತಿದ್ದಳು. ಮೂರನೆಯ ಸಲ ನೋಡಲಿಲ್ಲ. ಆಮೇಲೆ ಯೋಚಿಸಬೇಕಾಗಿಯೇ ಬರಲಿಲ್ಲ. ಕಷ್ಟದ ಚೆಂಡು ಗೆರೆಯ ಕಡೆ ಬರುತ್ತಿದ್ದ ಹಾಗೆ ಕಾಲು ನಿಲ್ಲುತ್ತಿತ್ತು, ಬೆರಳು ಏಳುತ್ತಿತ್ತು. ಪಾಯಿಂಟ್ ಓಡದೆಯೂ ಸಿಗುವಾಗ ಯಾರಾದರೂ ಯಾಕೆ ಓಡುತ್ತಾರೆ?

ಹದಿನೆಂಟು ತುಂಬಿದ ಮೇಲೆ ಅವಳು ದೊಡ್ಡವರ ಆಟಕ್ಕೆ ಬಂದಳು. ಅಲ್ಲಿ ಅಂಪೈರ್ ಎತ್ತರದ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಗೆರೆ ಕಾಯಲು ಬೇರೆಯವರಿರುತ್ತಾರೆ, ಇಲ್ಲವೇ ಯಂತ್ರ ಇರುತ್ತದೆ. ಆಟಗಾರ್ತಿಯ ಬೆರಳನ್ನು ಯಾರೂ ಕೇಳುವುದಿಲ್ಲ. ಬೆರಳಿಗೆ ಈ ಸುದ್ದಿ ಮುಟ್ಟಲಿಲ್ಲ. ಗೆರೆಯ ಮೇಲೆ ಬಿದ್ದ ಚೆಂಡಿಗೆ ಅದು ಏಳುತ್ತಲೇ ಇತ್ತು. ಚೆಂಡು ಅವಳನ್ನು ದಾಟಿ ಹೋಗುತ್ತಿತ್ತು. ಪಾಯಿಂಟ್ ಎದುರಿನವಳಿಗೆ ಸೇರುತ್ತಿತ್ತು.

ಹೊಸ ಕೋಚ್ ಬೆರಳಿಗೆ ಪಟ್ಟಿ ಸುತ್ತಿಸಿದ. ಬೆರಳು ಏಳುವುದು ನಿಂತಿತು. ಕಾಲು ನಿಲ್ಲುವುದು ನಿಲ್ಲಲಿಲ್ಲ. ಕೋಚ್ ಕಾಲಿಗೆ ವ್ಯಾಯಾಮ ಹೇಳಿಕೊಟ್ಟ. ಕಣ್ಣಿನ ವೈದ್ಯರಿಗೆ ತೋರಿಸಿದ. ಮನಸ್ಸಿನ ತಜ್ಞೆಯ ಬಳಿಗೆ ಕಳಿಸಿದ. ಎಲ್ಲರೂ ಅವರವರ ವಿದ್ಯೆಯ ಪ್ರಕಾರ ಕಾರಣ ಹೇಳಿದರು. ನಿಜವಾದ ಕಾರಣ ಅವಳೊಬ್ಬಳಿಗೇ ಗೊತ್ತಿತ್ತು. ಅವಳು ಹೇಳಲಿಲ್ಲ.

ಜಗತ್ತಿನಲ್ಲಿ ನೂರ ಎಂಬತ್ತನೆಯ ಸ್ಥಾನದ ಆಸುಪಾಸಿನಲ್ಲಿ ಅವಳು ನಿಂತಳು. ಅದು ಸಣ್ಣ ಸಂಗತಿಯಲ್ಲ. ಆದರೆ ಸಣ್ಣ ಸಂಗತಿಯಲ್ಲ ಎಂದು ಪ್ರತಿಸಲ ವಿವರಿಸಿ ಹೇಳಬೇಕಾಗುತ್ತದೆ.

ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಒಂದು ಅವಕಾಶ ಬಂತು. ದೊಡ್ಡ ಪಂದ್ಯಾವಳಿಯೊಂದರ ಅರ್ಹತಾ ಸುತ್ತಿನ ಕೊನೆಯ ಪಂದ್ಯ. ಗೆದ್ದರೆ ಮುಖ್ಯ ಸುತ್ತು. ಎಂಟು ವರ್ಷದವಳಿದ್ದಾಗಿನಿಂದ ಅವಳು ಅದೊಂದನ್ನೇ ಬಯಸಿದ್ದಳು. ಗೆಲುವಿಗೆ ಒಂದೇ ಪಾಯಿಂಟ್ ಬಾಕಿ ಇತ್ತು. ಚೆಂಡು ಗೆರೆಯ ಕಡೆ ಬಂತು. ಎರಡು ಹೆಜ್ಜೆ ಇಟ್ಟಿದ್ದರೆ ಸಿಗುತ್ತಿತ್ತು. ಅವಳು ನಿಂತಳು. ಪಟ್ಟಿ ಸುತ್ತಿದ ಬೆರಳು ಮತ್ತೆ ಎದ್ದಿತು.

ಔಟ್ ಎಂದು ಯಾರೂ ಕೂಗಲಿಲ್ಲ.

ಅವಳು ಬಗ್ಗಿ ನೆಲ ನೋಡಿದಳು. ಅದು ಮಣ್ಣಿನ ಅಂಕಣವಲ್ಲ. ಗುರುತು ಇರಲಿಲ್ಲ. ಹಳೆಯದೂ ಇಲ್ಲ, ಹೊಸದೂ ಇಲ್ಲ. ಆ ಪಂದ್ಯವನ್ನು ಅವಳು ಸೋತಳು.

ಊರಿಗೆ ಬಂದವಳು ಮನೆಗೆ ಹೋಗುವ ಮೊದಲು ಅಂದು ಸೆಮಿಫೈನಲ್‌ನಲ್ಲಿ ಚೆಂಡನ್ನು ಕೈಗೆ ಕೊಟ್ಟು ಹೋದ ಎದುರಾಳಿಯನ್ನು ಹುಡುಕಿಕೊಂಡು ಹೋದಳು. ಎದುರಾಳಿ ಈಗ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವ್ಯಾಯಾಮ ಶಿಕ್ಷಕಿ. ಮಕ್ಕಳ ಥ್ರೋಬಾಲ್ ಆಟಕ್ಕೆ ಮೈದಾನದಲ್ಲಿ ಸುಣ್ಣದ ಪುಡಿ ಚೆಲ್ಲುತ್ತಾ ಗೆರೆ ಹಾಕುತ್ತಿದ್ದಳು.

"ಅಬ್ಬಾ, ಯಾರಪ್ಪ ಇದು! ಪೇಪರಿನವರು ಬಂದಿಲ್ವಾ ಜೊತೇಲಿ?" ಎಂದಳು.

"ಆ ಚೆಂಡು ಒಳಗಿತ್ತು."

ಯಾವ ಚೆಂಡು ಎಂದು ಎದುರಾಳಿ ಕೇಳಲಿಲ್ಲ. "ಗೊತ್ತು," ಎಂದಳು.

"ಮತ್ತೆ ಯಾಕೆ ಸುಮ್ಮನಿದ್ದೆ? ಜಗಳ ಆಡಬಹುದಿತ್ತಲ್ಲ. ನಿನ್ನನ್ನೇ ಅಕಾಡೆಮಿಯವರು ಕರೆದುಕೊಂಡು ಹೋಗುತ್ತಿದ್ದರೇನೋ."

"ನಿಮ್ಮಪ್ಪ ಬೇಲಿ ಹಿಡ್ಕೊಂಡು ನಿಂತಿದ್ರಲ್ಲ. ಅವರ ಮುಖ ನೋಡಿದೆ. ನನ್ನ ಮನೇಲಿ ಸೋತು ಹೋದ್ರೂ ಅನ್ನ ಹಾಕ್ತಿದ್ರು ಕಣೇ. ನಿನ್ನ ವಿಷಯ ನಂಗೆ ಗೊತ್ತಿರ್ಲಿಲ್ಲ."

ಆಟಗಾರ್ತಿ ನಗಲು ನೋಡಿದಳು. ಆಗಲಿಲ್ಲ.

ಎದುರಾಳಿ ಸುಣ್ಣದ ಡಬ್ಬಿಯನ್ನು ಕುಲುಕಿ ನೋಡಿದಳು. "ಇನ್ನೊಂದು ಮಾತು. ಅವತ್ತು ನನ್ನ ಕಾಲು ಹಿಡ್ಕೊಂಡಿತ್ತು. ಕುಂಟ್ತಾ ಬಂದಿದ್ದು ನೋಡ್ಲಿಲ್ವಾ? ಇನ್ನೊಂದು ಗೇಮ್ ನಿಲ್ಲೋಕೂ ಆಗ್ತಿರ್ಲಿಲ್ಲ. ಆ ಚೆಂಡು ಕೊಟ್ಟಿದ್ರೂ ಗೆಲ್ತಿದ್ದವಳು ನೀನೇ."

ಆಟಗಾರ್ತಿ ಅಲ್ಲೇ ನಿಂತಿದ್ದಳು.

"ಸ್ವಲ್ಪ ಪಕ್ಕಕ್ಕೆ ಬಾ," ಎಂದಳು ಎದುರಾಳಿ. "ಗೆರೆ ತುಳೀತಿದ್ದೀಯ."

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖದಲ್ಲಿ ನೆಮ್ಮದಿ ಕಾಣಿಸಿತು. ಲೋಕ ನ್ಯಾಯವಾಗಿಯೇ ನಡೆಯುತ್ತಿದೆ ಎಂದು ತಿಳಿದಾಗ ಊಟಕ್ಕೆ ಮೊದಲು ಕಾಣಿಸುವ ನೆಮ್ಮದಿ.

"ಹಾಗಾದರೆ ಕರ್ಮ ಬಿಡುವುದಿಲ್ಲ ಗುರುಗಳೇ," ಎಂದ.

"ಬಿಡುತ್ತದೆ. ಅವಳಿಗಿಂತ ಹೆಚ್ಚು ಸಲ ಬೆರಳು ಎತ್ತಿದವರು ಈಗ ಅವಳಿಗಿಂತ ನೂರು ಸ್ಥಾನ ಮೇಲಿದ್ದಾರೆ. ಚೆನ್ನಾಗಿ ನಿದ್ದೆ ಮಾಡುತ್ತಾರೆ."

ಶಿಷ್ಯನಿಗೆ ಇದು ಹಿಡಿಸಲಿಲ್ಲ. "ಅವರದು ಹೇಗಾದರೂ ಇರಲಿ," ಎಂದ. "ಇವಳು ತಪ್ಪು ಮಾಡಿದಳು, ಸೋತಳು. ಹೋಗಿ ಒಪ್ಪಿಕೊಂಡಳು ಕೂಡ. ಇವಳಿಗಾದರೂ ಶಿಕ್ಷೆ ಆಯಿತಲ್ಲ."

ಗುರುಗಳು ಊಟಕ್ಕೆ ಏಳುತ್ತಾ ಹೇಳಿದರು:

"ಅದು ಶಿಕ್ಷೆಯಾಗಿದ್ದರೆ ಎಂದೋ ಮುಗಿದಿರುತ್ತಿತ್ತು."

ಶಿಷ್ಯ ಕುಳಿತೇ ಇದ್ದ.