ಗಾಯ ಹಿಡಿದ ಹರಳು

“ಗುರುಗಳೇ, ಹನ್ನೆರಡು ವರ್ಷ ನಮ್ಮ ಜೊತೆ ಕೂತು ಉಂಡವಳಿಗೆ ಕೆಟ್ಟದ್ದು ಹೇಗೆ ಅಂಟಿಕೊಂಡಿತು?” ಎಂದು ಬೀರಲಿಂಗ ಕೇಳಿದ.

ಅವನಿಗೆ ಇನ್ನೂ ನಂಬಲು ಆಗುತ್ತಿರಲಿಲ್ಲ. ಆಶ್ರಮದ ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ನೀಲವ್ವ ಈಗ ಸಾರಾಯಿ ಅಂಗಡಿಯಲ್ಲಿ ಲೋಟ ತುಂಬಿಸುತ್ತಿದ್ದಳು. ಬೆಳಿಗ್ಗೆ ಕಣ್ಣಾರೆ ನೋಡಿ ಬಂದಿದ್ದ.

“ನಾನು ತಿದ್ದಲಿಲ್ಲ ಎನ್ನಬೇಡಿ. ಗಂಡ ಹಾಸಿಗೆ ಹಿಡಿದಿದ್ದಾನೆ, ಹಾಸಿಗೆಬಟ್ಟೆ ಒಗೆಯಬೇಕು, ಆಶ್ರಮದ ತೊಟ್ಟಿಯಿಂದ ಎರಡು ಕೊಡ ನೀರು ಹೆಚ್ಚು ಬೇಕು ಎಂದು ಸರದಿ ಮುರಿದು ಜಗಳಕ್ಕೆ ನಿಂತಳು. ನಿಯಮ ಎಲ್ಲರಿಗೂ ಒಂದೇ ಎಂದೆ. ಒಂದು ತಿಂಗಳು ಅವಳಿಗೆ ತೊಟ್ಟಿಯ ನೀರು ನಿಲ್ಲಿಸಿದೆ. ಆ ತಿಂಗಳಲ್ಲೇ ಗಂಡ ತೀರಿಕೊಂಡ. ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ಸಾರಾಯಿಯವನ ಹಿತ್ತಲಲ್ಲಿ ನೀರು ಸೇದುತ್ತಾ ಅಲ್ಲೇ ಕೆಲಸಕ್ಕೆ ನಿಂತಳು. ಇಂದಿನ ಸಭೆಯಲ್ಲಿ ಆಶ್ರಮದ ಪಟ್ಟಿಯಿಂದ ಅವಳ ಹೆಸರು ತೆಗೆದುಹಾಕೋಣ. ಹೆಸರು ಹೋದರೆ ಆಶ್ರಮದ ಜಾಗದ ಗುಡಿಸಲನ್ನೂ ಬಿಡಬೇಕಾಗುತ್ತದೆ. ತಾವು ಹೂಂ ಎಂದರೆ ಸಾಕು.”

ಮಾತಾಡುವಾಗ ಅವನ ಕೈ ಸೊಂಟಕ್ಕೆ ಹೋಗುತ್ತಿತ್ತು. ತೊಟ್ಟಿಯ ಬೀಗದ ಕೈ ಅಲ್ಲಿ ನೇತಾಡುತ್ತಿತ್ತು.

“ಕೂತುಕೋ” ಎಂದು ಗುರುಗಳು ಕತೆ ಹೇಳತೊಡಗಿದರು.

ಒಬ್ಬ ವರ್ತಕನಿಗೆ ಕಡಲ ದಂಡೆಯಲ್ಲಿ ಉಪ್ಪಿನ ಆಗರವಿತ್ತು. ಅಲ್ಲಿ ಒಬ್ಬ ಆಳು ದುಡಿಯುತ್ತಿದ್ದ. ಆಳು ನೀರು ಕುಡಿದರೆ ಮತ್ತೆ ಮತ್ತೆ ಎದ್ದು ಹೋಗುತ್ತಾನೆ, ಎದ್ದು ಹೋದರೆ ಕೆಲಸ ಕೆಡುತ್ತದೆ ಎಂಬುದು ವರ್ತಕನ ಲೆಕ್ಕ. ಹಾಗೆಂದು ಕುಡಿಯುವ ನೀರಿನ ಹರವಿಯನ್ನು ಆಗರದ ಆ ತುದಿಯಲ್ಲಿ ಇಡಿಸಿದ್ದ. ಮಧ್ಯಾಹ್ನ ಒಂದು ಸಲ ಹೋಗಿ ಕುಡಿದು ಬರಬಹುದು. ಸುಡುವ ಬಿಸಿಲಲ್ಲಿ, ಉಪ್ಪಿನ ಮೇಲೆ ನಿಂತವನಿಗೆ, ಒಂದೇ ಸಲ. ವರ್ತಕ ನೆರಳಲ್ಲಿ ಕೂತು ಎಳನೀರು ಕುಡಿಯುತ್ತಾ ಇದನ್ನು ಶಿಸ್ತು ಎನ್ನುತ್ತಿದ್ದ.

ಒಂದು ದಿನ ಆಳು ಪಕ್ಕೆ ಹಿಡಿದುಕೊಂಡು ಬಿದ್ದು ಹೊರಳಾಡಿದ. ಮೂತ್ರದಲ್ಲಿ ರಕ್ತ ಬಂತು. ವೈದ್ಯ ಬಂದು ನೋಡಿ, ಮೂತ್ರಪಿಂಡದಲ್ಲಿ ಕಲ್ಲಿದೆ ಎಂದ.

ವರ್ತಕ ಹೌಹಾರಿದ. “ಅನ್ನ ಹಾಕಿದವನು ನಾನು! ಈ ಮಹಾಶಯ ಕಲ್ಲು ಎಲ್ಲಿಂದ ತಿಂದ?”

ವೈದ್ಯ ಆಳಿನ ಮೂತ್ರವನ್ನೂ ವರ್ತಕನ ಮೂತ್ರವನ್ನೂ ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ಇಣುಕಿ ನೋಡಿದ ವರ್ತಕನ ಮುಖ ಬಿಳಿಚಿತು. ಆಳಿನದರಲ್ಲಿ ಕಲ್ಲಾಗುವ ಹರಳು ಹೆಚ್ಚಿತ್ತು, ಅವನದರಲ್ಲಿ ಕಡಿಮೆ. ಆದರೆ ಹರಳು ಅದೇ.

“ನಿಮ್ಮದು ನೀರಿನ ಜೊತೆ ಹರಿದುಹೋಗುತ್ತದೆ, ಸಾಹುಕಾರರೇ” ಎಂದ ವೈದ್ಯ. “ಮೂತ್ರಪಿಂಡದೊಳಗೆ ಕೂದಲಿಗಿಂತ ಸಣ್ಣ ನಾಳಗಳಿವೆ. ಒಳಗೋಡೆಯ ತುಂಬ ಜೀವಕೋಶಗಳು ಒತ್ತೊತ್ತಾಗಿ ಕೂತಿವೆ. ನೆಟ್ಟಗಿರುವ ಕೋಶ ಹರಳನ್ನು ಸುಲಭಕ್ಕೆ ಕೂರಗೊಡುವುದಿಲ್ಲ. ಒಂದೆರಡು ಕೂತರೂ ನುಂಗಿ ಕರಗಿಸುತ್ತದೆ. ನೀರು ಸಾಲದಿದ್ದರೆ ಮೂತ್ರ ಮಂದವಾಗುತ್ತದೆ, ಹರಳು ಹೆಚ್ಚುತ್ತದೆ, ತಗುಲಿ ತಗುಲಿ ಕೋಶಕ್ಕೆ ಗಾಯವಾಗುತ್ತದೆ. ಗಾಯ ಮಾಯಿಸಿಕೊಳ್ಳಲು ಕೋಶ ಅಂಟಿನಂಥದ್ದನ್ನು ಮೈಮೇಲೆ ತಂದುಕೊಳ್ಳುತ್ತದೆ. ಬದುಕಬೇಕೆಂದು ತಂದುಕೊಂಡದ್ದು ಅದು. ಆ ಅಂಟಿಗೇ ಹರಳು ಹಿಡಿಯುತ್ತದೆ. ಅರಗಿಸಲಾರದಷ್ಟು ನುಂಗಿ ಕೋಶ ಸಾಯುತ್ತದೆ. ಸತ್ತದ್ದರ ಮೇಲೆ ಇನ್ನಷ್ಟು ಹರಳು ಬಂದು ಕೂರುತ್ತದೆ. ಕಲ್ಲು ಬೆಳೆಯುವುದು ಹೀಗೆ.”

“ಹಾಗಾದರೆ ತಪ್ಪು ಆ ಕೋಶದ್ದೇ. ಅಂಟು ತಂದುಕೋ ಎಂದು ಅದಕ್ಕೆ ಯಾರು ಹೇಳಿದರು?”

“ಉಪ್ಪು ಬೆಳೆಯುವ ಮುಂಚೆ ಆಗರದ ನೆಲವನ್ನು ತುಳಿಸಿ, ಹಲಗೆಯಿಂದ ತಟ್ಟಿಸುತ್ತೀರಲ್ಲ, ಏಕೆ?”

“ಅಷ್ಟೂ ಗೊತ್ತಿಲ್ಲವೇ? ನೆಲ ನುಣುಪಾಗಿದ್ದರೆ ಉಪ್ಪು ಸಲೀಸಾಗಿ ಎದ್ದು ಬರುತ್ತದೆ. ಬಿರುಕಿದ್ದರೆ ಕಚ್ಚಿಕೊಳ್ಳುತ್ತದೆ.”

ವೈದ್ಯ ಅವನ ಮುಖವನ್ನೇ ನೋಡಿದ. ವರ್ತಕನಿಗೆ ಏನೂ ಹೊಳೆಯಲಿಲ್ಲ. ನೆಲದ ಬಿರುಕು ತಿಳಿದಿದ್ದವನಿಗೆ ಮನುಷ್ಯನದು ತಿಳಿಯಲಿಲ್ಲ.

ವೈದ್ಯ ಕಲ್ಲು ತೆಗೆದ. ಹರವಿಯನ್ನು ಹತ್ತಿರ ಇಡಿಸಿ ಎಂದು ಹೇಳಿ ಹೋದ. ವರ್ತಕ ಆಳಿಗೆ ಹೊಸ ಪಂಚೆ ಕೊಡಿಸಿದ, ನಾಲ್ಕು ದಿನ ಗಂಜಿ ಕಾಯಿಸಿ ಕೊಟ್ಟ, ಐದನೆಯ ದಿನ ಅದೇ ಆಗರಕ್ಕೆ ಇಳಿಸಿದ. ಹರವಿ ಇದ್ದಲ್ಲೇ ಇತ್ತು. ಹಳೆಯ ಗಾಯ ಮಾಯುವ ಮೊದಲೇ ಹೊಸ ಹರಳು ಹಿಡಿಯಿತು. ವರ್ಷ ತುಂಬುವುದರೊಳಗೆ ಆಳು ಸತ್ತ. ಹೆಣದ ಮುಂದೆ ನಿಂತು ವರ್ತಕ ನಿಜವಾಗಿಯೂ ಅತ್ತ. “ಎಷ್ಟು ನೋಡಿಕೊಂಡೆ! ಎಂಥ ಕೆಟ್ಟ ಮೈಯಪ್ಪಾ ಇವನದು” ಎಂದ.

ಗುರುಗಳು ಕತೆ ನಿಲ್ಲಿಸಿದರು.

ಬೀರಲಿಂಗ ಎದ್ದು ನಿಂತಿದ್ದ. “ಅತ್ತನೇ? ಅಳಲು ಅವನಿಗೆ ಮುಖವಿತ್ತೇ? ಒಂದು ಹರವಿ ಸರಿಸಲು ಅವನಿಗೇನು ಧಾಡಿಯಾಗಿತ್ತು, ಗುರುಗಳೇ? ನೀರು ತಡೆದವನು ತಾನು, ಕೆಟ್ಟವನು ಸತ್ತವನೇ?”

ಕೇಳುತ್ತಾ ಅವನ ಕೈ ರೂಢಿಯಂತೆ ಸೊಂಟಕ್ಕೆ ಹೋಯಿತು. ಕಬ್ಬಿಣ ತಣ್ಣಗೆ ಬೆರಳಿಗೆ ತಗುಲಿತು. ಕೈ ಅಲ್ಲೇ ನಿಂತಿತು.

ಗುರುಗಳು ಎದ್ದು, ಮೂಲೆಯಲ್ಲಿದ್ದ ಎರಡು ಖಾಲಿ ಕೊಡಗಳನ್ನು ಎತ್ತಿಕೊಂಡರು.

“ಬೀಗ ತೆಗೆ, ಬೀರಲಿಂಗ. ನೀಲವ್ವ ಕೇಳಿದ್ದು ಎರಡೇ ಕೊಡ.”